ಶ್ಲೋಕದ ನಡುವೆ ಮೋಟಾರು

ನಮ್ಮ ಮನೆಯ ಬೀರುವಿನಲ್ಲಿ ಒಂದು ಸಿ.ಡಿ. ಇದೆ. ಅದರ ಮೇಲೆ ನನ್ನ ಅತ್ತೆಯವರ ಫೋಟೊ, ಫೋಟೊದ ಸುತ್ತ ಮಲ್ಲಿಗೆ ಹಾರದ ಚಿತ್ರ, ಕೆಳಗೆ ಚಿನ್ನದ ಬಣ್ಣದಲ್ಲಿ ‘ಸಹಸ್ರನಾಮ’ ಎಂಬ ಅಕ್ಷರ. ಬೀರು ತೆಗೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ, ಬಿದ್ದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಎಸೆಯೋಣವೆಂದರೆ ಅದರಲ್ಲಿರುವುದು ಅವರದೇ ದನಿ. ಹಾಕಿ ಕೇಳೋಣವೆಂದರೆ ಅದರಲ್ಲಿ ಅವರಿಲ್ಲ. ಹಾಗಾಗಿ ಹಳೆಯ ರೇಷ್ಮೆ ಸೀರೆಗಳ ಕೆಳಗೆ ತುರುಕಿಟ್ಟಿದ್ದೇನೆ, ಆದರೂ ಹೇಗೋ ಮೇಲೆ ಬರುತ್ತದೆ.

ಇದರ ಕಥೆ ಹೇಳಬೇಕಾದರೆ ನನ್ನ ಕಾಲೇಜಿನಿಂದ ಶುರು ಮಾಡಬೇಕು. ನನ್ನ ಸಿಟ್ಟು ಮೊದಲು ಹುಟ್ಟಿದ್ದು ಅಲ್ಲಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆಯಾಗಿ ತುಮಕೂರಿನಿಂದ ಚೆನ್ನೈಗೆ ಬಂದಿದ್ದ ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತಿದ್ದೆ. ಕೊನೆಯ ವರ್ಷದವರಿಗೆ ಕಾದಂಬರಿಯ ಪತ್ರಿಕೆಯಲ್ಲಿ ಪ್ರಜ್ಞಾಪ್ರವಾಹ ತಂತ್ರ ಎಂಬುದೊಂದು ಭಾಗ. ಪಾತ್ರದ ತಲೆಯಲ್ಲಿ ಓಡುವ ಯೋಚನೆಗಳನ್ನು ಬರೆಯುವವರು ಒಪ್ಪಓರಣ ಮಾಡದೆ, ಬಂದದ್ದು ಬಂದ ಹಾಗೆ, ಒಂದಕ್ಕೊಂದು ಸಿಕ್ಕಿಕೊಂಡ ಹಾಗೆಯೇ ಇಡುವ ಬಗೆ ಅದು. ಓದಿದರೆ ಸುಖ, ಪಾಠ ಮಾಡಿದರೆ ನರಕ. ಏಕೆಂದರೆ ನಮ್ಮ ವಿಭಾಗದಲ್ಲಿ ಅದಕ್ಕೆ ನೋಟ್ಸ್ ಇತ್ತು. ನಾನು ಬರುವುದಕ್ಕೂ ಮುಂಚೆ ಯಾರೋ ಪುಣ್ಯಾತ್ಮರು ಬರೆದು, ವರ್ಷವರ್ಷವೂ ಹೊಸ ಹುಡುಗಿಯರಿಗೆ ಉಕ್ತಲೇಖನ ಕೊಡುತ್ತ ಬಂದ ನೋಟ್ಸ್. ವ್ಯಾಖ್ಯೆ, ಲಕ್ಷಣಗಳು, ಅನುಕೂಲಗಳು, ಅನನುಕೂಲಗಳು. ಮನಸ್ಸು ಹೇಗೆ ಅಡ್ಡಾದಿಡ್ಡಿ ಹರಿಯುತ್ತದೆ ಎಂಬುದನ್ನು ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಬಾಯಿಪಾಠ ಮಾಡಿಸುವುದಕ್ಕಿಂತ ದೊಡ್ಡ ತಮಾಷೆ ಇದೆಯೇ? ನನಗೆ ನಗು ಬರುತ್ತಿರಲಿಲ್ಲ, ಹಲ್ಲು ಕಡಿಯುವ ಹಾಗಾಗುತ್ತಿತ್ತು.

ಒಂದು ಸಲ ನೋಟ್ಸ್ ಬದಿಗಿಟ್ಟು ಒಂದು ಕಾದಂಬರಿಯ ಪುಟ ಓದಿಸಿದೆ. ಹುಡುಗಿಯೊಬ್ಬಳು ಎದ್ದು ನಿಂತು, ‘ಮ್ಯಾಮ್, ಈ ಹೆಂಗಸಿಗೆ ಹುಚ್ಚಾ?’ ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ಯೋಚನೆಗಳು ಸಾಲಾಗಿ ಬರದಿದ್ದರೆ ಅದು ಕಾಯಿಲೆ ಎಂದು ಅವಳು ನಿಜವಾಗಿಯೂ ನಂಬಿದ್ದಳು. ಅವಳ ತಪ್ಪೇನು? ಹನ್ನೆರಡನೆಯ ತರಗತಿಯವರೆಗೆ ಅವಳಿಗೆ ಪಾಯಿಂಟುಗಳನ್ನು ಉಣಿಸಿ ಬೆಳೆಸಿದವರ ತಪ್ಪು.

ಆಗ ಮನೆಯಲ್ಲಿ ನಮ್ಮತ್ತೆ ಇದ್ದರು.

ನಮ್ಮದು ಚೆನ್ನೈನ ಅಂಚಿನ ಅಂಬತ್ತೂರು. ಮಾವ ಅಲ್ಲಿಯ ಕೈಗಾರಿಕಾ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿದ್ದರು, ನನ್ನ ಗಂಡನೂ ಅಲ್ಲೇ ಇನ್ನೊಂದು ಕಾರ್ಖಾನೆಯಲ್ಲಿದ್ದರು. ಅತ್ತೆ ಕೋಲಾರದ ಕಡೆಯವರು. ಮದುವೆಯಾಗಿ ಬಂದು ಇಲ್ಲಿಯೇ ತಲೆ ನರೆತಿತ್ತು. ಅವರ ಕನ್ನಡಕ್ಕೆ ತಮಿಳು ಹತ್ತಿ, ಯಾವುದು ಎಲ್ಲಿ ಮುಗಿಯುತ್ತದೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಒಲೆ ಹೊತ್ತಿಸಿದರೆಂದರೆ ಸಹಸ್ರನಾಮ ಶುರು. ಪುಸ್ತಕ ಬೇಡ, ಮಣೆ ಬೇಡ. ಬಾಯಿ ದೇವರ ಹೆಸರುಗಳನ್ನು ಹೇಳುತ್ತಿದ್ದರೆ ಕೈ ಬೇಳೆ ತೊಳೆಯುತ್ತಿತ್ತು, ಕಣ್ಣು ಹಾಲಿನ ಮೇಲಿರುತ್ತಿತ್ತು, ಮನಸ್ಸು ಊರೆಲ್ಲ ಸುತ್ತಿ ಬರುತ್ತಿತ್ತು. ಸುತ್ತಿ ಬಂದದ್ದು ಶ್ಲೋಕದ ಮಧ್ಯೆಯೇ ಹೊರಗೆ ಬೀಳುತ್ತಿತ್ತು. ಅಂಗಡಿಯಲ್ಲಿ ಸಿಗುವ ಕ್ಯಾಸೆಟ್ಟನ್ನು ಒಮ್ಮೆ ಹಾಕಿದಾಗ, ‘ಇಷ್ಟು ನಿಧಾನಕ್ಕೆ ಹೇಳಿದ್ರೆ ನನ್ನ ಸಾರು ಯಾವಾಗ ಕುದಿಯೋದು, ನಿಲ್ಲಿಸೇ’ ಎಂದಿದ್ದರು.

ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಚೆನ್ನೈನದೇ ಇನ್ನೊಂದು ತುದಿಯಲ್ಲಿ, ತಿರುವೊಟ್ಟಿಯೂರಿನ ಕಡೆ ಒಂದು ದೊಡ್ಡ ಕಾರ್ಖಾನೆಯಲ್ಲಿ ಅಧಿಕಾರಿ. ಕಂಪನಿಯ ಕ್ವಾರ್ಟರ್ಸಿನಲ್ಲಿ ಸಂಸಾರ. ಅವರ ಹೆಂಡತಿ ಏನೋ ಹರಕೆ ಹೊತ್ತು, ಸಹಸ್ರನಾಮ ಕಲಿಯಬೇಕು, ಅತ್ತೆಯ ಉಚ್ಚಾರಣೆ ಚೆನ್ನಾಗಿದೆ, ರೆಕಾರ್ಡ್ ಮಾಡಿ ಕಳಿಸು ಎಂದು ನನಗೆ ಫೋನು ಮಾಡಿದರು. ಸರಿ, ನಾನು ದೇವರ ಕೋಣೆಯಲ್ಲಿ ಮಣೆ ಹಾಕಿ, ಮುಂದೆ ರೇಡಿಯೋ-ಟೇಪಿನ ಟು-ಇನ್-ಒನ್ ಇಟ್ಟು, ಫ್ಯಾನು ಆರಿಸಿ, ಅತ್ತೆಯನ್ನು ಕೂರಿಸಿದೆ. ಅವರು ಸೆರಗು ಹೊದ್ದು, ಕಣ್ಣು ಮುಚ್ಚಿ, ಕೈ ಮುಗಿದು ಶುರು ಮಾಡಿದರು. ನಾಲ್ಕಾರು ಶ್ಲೋಕ ಹೇಳಿ ತಡೆದು ನಿಂತರು. ಮತ್ತೆ ಮೊದಲಿನಿಂದ ಬಂದು ಅದೇ ಜಾಗದಲ್ಲಿ ನಿಂತರು. ಬದುಕಿಡೀ ಹೇಳಿದ ಸಾಲು ಬಾಯಿಗೆ ಬರಲೊಲ್ಲದು. ಅವರ ಮುಖ ಸಣ್ಣದಾಯಿತು.

‘ಕೈಯಲ್ಲಿ ಏನೂ ಇಲ್ದೇ ಇದ್ರೆ ಬಾಯಿಗೆ ಬರಲ್ಲ ಕಣೇ’ ಎಂದರು. ‘ಆ ಶ್ಲೋಕಕ್ಕೆ ನಾನು ಹುಣಸೆಹಣ್ಣು ಕಿವುಚ್ತಿರ್ತೀನಿ. ಹುಣಸೆಹಣ್ಣಿಲ್ದೆ ಅದು ಎಲ್ಲಿಂದ ಬರತ್ತೆ?’

ನನ್ನ ಎಂ.ಎ. ಪುಸ್ತಕಗಳಲ್ಲಿ ಯಾವುದೂ ನನಗೆ ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಟು-ಇನ್-ಒನ್ನನ್ನು ಅಡುಗೆಮನೆಯ ಶೆಲ್ಫಿನ ಮೇಲೆ ಅಕ್ಕಿ ಡಬ್ಬದ ಪಕ್ಕ ಇಟ್ಟು, ಗುಂಡಿ ಒತ್ತಿ ಸುಮ್ಮನಾದೆ. ಅವತ್ತು ಒಂದಕ್ಷರವೂ ತಪ್ಪದೆ ಪೂರಾ ಸಹಸ್ರನಾಮ ಬಂತು. ಅದರ ಜೊತೆಗೆ ಬಾಕಿಯದೆಲ್ಲವೂ ಬಂತು. ಸಾಲು ಶುರುವಾಗಿ ಮುಗಿಯುವಷ್ಟರಲ್ಲಿ ಸಾಸಿವೆ ಸಿಡಿದ ಸದ್ದು, ಮುಂದಿನ ಸಾಲಿನ ನಡುವೆ ‘ಏನೇ, ಹಾಲು ನೋಡೇ, ಉಕ್ಕತ್ತೆ’, ಮತ್ತೆ ಬಿಟ್ಟ ಕಡೆಯಿಂದಲೇ ದೇವರು, ಆಮೇಲೆ ‘ಕೊತ್ತಮಲ್ಲಿ ಇವತ್ತೂ ವಾಡಿಹೋಗಿರೋದೇ ಕೊಟ್ಟಿದಾನೆ, ಕಟ್ಟೇಲಿ ಹೋಗೋನು’ ಎಂದು, ಚಿತೆಗೆ ಹೋಗುವವನು ಎಂಬ ತಮಿಳಿನ ಬೈಗುಳ ಕನ್ನಡದ ಸೀರೆ ಉಟ್ಟು ಬಂದು, ಮತ್ತೆ ದೇವರು, ‘ಸಾರಿಗೆ ಉಪ್ಪು ಹಾಕಿದ್ನಾ’ ಎಂದು ತಮ್ಮನ್ನೇ ಕೇಳಿಕೊಂಡು, ಉತ್ತರ ಬರುವ ಮುಂಚೆಯೇ ಮುಂದಿನ ಶ್ಲೋಕ, ಅದರ ಕೊನೆಗೆ ದನಿ ಸ್ವಲ್ಪ ತಗ್ಗಿ, ‘ದೊಡ್ಡೋನು ಬಂದ್ರೂ ಬರಬಹುದು, ಒಂದು ಪಿಡಿ ಜಾಸ್ತಿ ಹಾಕಿರ್ತೀನಿ’, ಹಿಡಿ ಅಕ್ಕಿ ಪಾತ್ರೆಗೆ ಬಿದ್ದ ಸದ್ದು, ಮತ್ತೆ ಶ್ಲೋಕ, ಮತ್ತೆ ಶ್ಲೋಕ, ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಒಂದು ಕೂಗು: ‘ರೀ, ಮೋಟಾರ್ ಪೋಡ್ರೀ!’

ಹಾಕಿ ಎನ್ನುವುದಕ್ಕೆ ಪೋಡ್ರೀ. ತಮಿಳರ ಮಾತಿಗೆ ನಮ್ಮ ಮರ್ಯಾದೆ ಅಂಟಿಸಿದ ಆ ಕೂಗು ನಮ್ಮ ಬೀದಿಗೆಲ್ಲ ಪರಿಚಿತ. ಬೀದಿಯ ನಲ್ಲಿಯಿಂದ ಬರುವ ನೀರು ನೆಲದಡಿಯ ತೊಟ್ಟಿಗೆ ಬಿದ್ದು ಮುಗಿಯುವುದಕ್ಕೂ ಆ ಶ್ಲೋಕ ಬರುವುದಕ್ಕೂ ಸರಿಹೋಗುತ್ತಿತ್ತು. ಮುಂಬಾಗಿಲ ಹತ್ತಿರ ಈಸಿಚೇರಿನಲ್ಲಿ ಪೇಪರು ಓದುತ್ತಿದ್ದ ಮಾವ ‘ಹಾ’ ಎಂದು ಏಳುವುದು, ಕುರ್ಚಿ ಕಿರುಗುಟ್ಟುವುದು, ಸ್ವಿಚ್ಚಿನ ಟಕ್ ಸದ್ದು, ಎಲ್ಲವೂ ಕ್ಯಾಸೆಟ್ಟಿನಲ್ಲಿತ್ತು. ಅಲ್ಲಿಂದ ಕೊನೆಯವರೆಗೆ ದೇವರ ಹೆಸರುಗಳ ಅಡಿಯಲ್ಲಿ ಮೋಟಾರಿನ ಗುಯ್ಗುಡುವಿಕೆ, ತಂಬೂರಿ ಹಿಡಿದ ಹಾಗೆ.

ಓರಗಿತ್ತಿ ಕ್ಯಾಸೆಟ್ ಕೇಳಿ ವಾಪಸು ಕಳಿಸಿದರು. ‘ಇದರಲ್ಲಿ ದೇವರಿಗಿಂತ ಅಡುಗೆಮನೆಯೇ ಜಾಸ್ತಿ ಇದೆ’ ಎಂದರು. ಅತ್ತೆಗೆ ಬೇಸರವಾಯಿತು, ನನಗೆ ನಿಧಿ ಸಿಕ್ಕಿತು.

ಅದನ್ನು ಕಾಲೇಜಿಗೆ ತೆಗೆದುಕೊಂಡು ಹೋದೆ. ನೋಟ್ಸಿಲ್ಲ, ಬೋರ್ಡಿಲ್ಲ. ‘ಭಾಷೆ ಅರ್ಥವಾಗದಿದ್ದರೂ ಪರವಾಗಿಲ್ಲ, ಏನು ನಡೀತಿದೆ ಹೇಳಿ’ ಎಂದು ಹಾಕಿದೆ. ಮೊದಲು ಕಿಸಿಕಿಸಿ ನಗು. ‘ಕಟ್ಟೇಲಿ ಹೋಗೋನು’ ಬಂದಾಗ ಇಡೀ ತರಗತಿ ಗೊಳ್ಳೆಂದಿತು. ಆಮೇಲೆ ನಗು ತಾನಾಗಿ ನಿಂತಿತು. ಮೋಟಾರಿನ ಕೂಗಿಗೆ ಒಬ್ಬಳು ‘ಎಂಗ ಅಮ್ಮಾವುಂ ಇಪ್ಪಡಿದಾನ್ ಮ್ಯಾಮ್’ ಎಂದಳು, ನಮ್ಮಮ್ಮನೂ ಹೀಗೇ ಎಂದು. ಇನ್ನೊಬ್ಬಳ ಅಜ್ಜಿ ಜಪಮಾಲೆ ಎಣಿಸುತ್ತಲೇ ಮೀನಿನವಳ ಜೊತೆ ಚೌಕಾಸಿ ಮಾಡುತ್ತಾರಂತೆ. ಹುಚ್ಚಾ ಎಂದು ಕೇಳಿದ್ದ ಹುಡುಗಿ ತಾನಾಗಿಯೇ ಹೇಳಿದಳು: ಬಾಯಿ ಒಂದು ಕಡೆ, ಕೈ ಒಂದು ಕಡೆ, ಆ ಅಕ್ಕಿಯ ಹತ್ತಿರ ದನಿ ತಗ್ಗಿತಲ್ಲ, ಮನಸ್ಸು ಇರುವುದು ಅಲ್ಲಿ, ಅಲ್ಲವಾ ಮ್ಯಾಮ್? ಆ ಸಾಲಿನ ಅರ್ಥ ನಾನು ಇನ್ನೂ ಅವಳಿಗೆ ಹೇಳಿರಲಿಲ್ಲ.

ನಾನು ಆ ದಿನ ಹಾರಾಡಿಕೊಂಡು ಸ್ಟಾಫ್ ರೂಮಿಗೆ ಬಂದರೆ ವಿಭಾಗದ ಮುಖ್ಯಸ್ಥೆ ಕಾಯುತ್ತಿದ್ದರು. ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಕ್ಯಾಸೆಟ್ ಏಕೆ, ಪಾಠದ ಹೊತ್ತಿನಲ್ಲಿ ಭಜನೆ ಏಕೆ, ಪರೀಕ್ಷೆಯಲ್ಲಿ ಹುಡುಗಿಯರು ನಿಮ್ಮ ಅತ್ತೆಯ ಅಡುಗೆ ಬರೆಯಬೇಕೇ ಎಂದು ಎಲ್ಲರೆದುರಿಗೆ ಕೇಳಿದರು. ಆ ಹುಡುಗಿಯರಿಗೆ ಮತ್ತೆ ಲಕ್ಷಣಗಳನ್ನೂ ಅನುಕೂಲಗಳನ್ನೂ ಉಕ್ತಲೇಖನ ಕೊಡಿಸಿದ ಮೇಲೆಯೇ ಅವರಿಗೆ ಸಮಾಧಾನ. ನಾನು ಕೊಟ್ಟೆ. ಹಲ್ಲು ಕಚ್ಚಿಕೊಂಡು ಕೊಟ್ಟೆ. ಸಾಹಿತ್ಯದ ಹೆಸರಿನಲ್ಲಿ ಸಂಬಳ ಎಣಿಸುವವರಿಗೆ ಸಾಹಿತ್ಯವೆಂದರೆ ಎಷ್ಟು ಹೆದರಿಕೆ ಎಂಬುದನ್ನು ಅವತ್ತು ಕಣ್ಣಾರೆ ಕಂಡೆ. ಜೀವಂತ ಮನಸ್ಸು ಎದುರಿಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಆದರೆ ಆ ಸಿಟ್ಟು ಏನೂ ಅಲ್ಲ.

ಎರಡು ಸಾವಿರದ ನಂತರ ಬಂತಲ್ಲ, ಮೆಟ್ರೋ ವಾಟರ್ ಲಾರಿಯ ಹಿಂದೆ ಬಿಂದಿಗೆ ಹಿಡಿದು ಊರಿಗೆ ಊರೇ ಓಡಿದ ಬೇಸಿಗೆ, ಆಗ ಅತ್ತೆ ತೀರಿಕೊಂಡರು. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಕರ್ಮಗಳೆಲ್ಲ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆ ಪಾಳುಬಾವಿಯ ಹಾಗೆ ಆಯಿತು. ಮಾವ ಕುರ್ಚಿಯಲ್ಲಿ ಕೂತರೆ ಕೂತೇ ಇರುತ್ತಿದ್ದರು. ಪೇಪರು ಮಡಿಲಲ್ಲಿ, ಕನ್ನಡಕ ಜೇಬಿನಲ್ಲಿ. ತಿಂಡಿಗೆ ಕರೆದರೂ ಏಳುವುದಿಲ್ಲ, ಸ್ನಾನಕ್ಕೆ ಕರೆದರೂ ಏಳುವುದಿಲ್ಲ. ನನ್ನ ಗಂಡ ಬೈದು ನೋಡಿದರು, ನಾನು ಬೇಡಿ ನೋಡಿದೆ.

ಒಂದು ಬೆಳಿಗ್ಗೆ ಅಡುಗೆಮನೆಯ ಮೌನ ತಡೆಯಲಾರದೆ ಆ ಕ್ಯಾಸೆಟ್ ಹಾಕಿದೆ. ನನಗಾಗಿ ಹಾಕಿದ್ದು. ಹಾಲು ನೋಡೇ ಎಂದಾಗ ಹಾಲು ನೋಡಿದೆ, ಅತ್ತೂ ಬಿಟ್ಟೆ. ‘ರೀ, ಮೋಟಾರ್ ಪೋಡ್ರೀ’ ಬಂತು. ‘ಹಾ’ ಎಂಬ ದನಿ ಎರಡು ಸಲ ಕೇಳಿತು, ಒಂದು ಕ್ಯಾಸೆಟ್ಟಿನೊಳಗಿಂದ, ಒಂದು ಹೊರಗಿನ ಕುರ್ಚಿಯಿಂದ. ಸೌಟು ಹಿಡಿದುಕೊಂಡೇ ಓಡಿ ಬಂದು ನೋಡಿದರೆ ಮಾವ ಎದ್ದು ನಿಂತು ಸ್ವಿಚ್ಚಿನ ಮೇಲೆ ಕೈಯಿಟ್ಟಿದ್ದರು. ಮೋಟಾರು ಹಾಕಿ, ತಾವಾಗಿಯೇ ಸ್ನಾನಕ್ಕೆ ಹೋದರು.

ಅವರಿಗೇನೂ ಭ್ರಮೆಯಿರಲಿಲ್ಲ. ಅದು ಟೇಪು ಎಂದು ಚೆನ್ನಾಗಿ ಗೊತ್ತಿತ್ತು, ಮಾರನೆಯ ದಿನದಿಂದ ಅದನ್ನು ಸುತ್ತಿ ಮೊದಲಿಗೆ ತಂದು ನನ್ನ ಕೈಗೆ ಕೊಡುತ್ತಿದ್ದವರೇ ಅವರು. ಆದರೆ ಕರೆದರೆ ಏಳಬೇಕು, ಅಷ್ಟೇ. ಮದುವೆಯಾದಂದಿನಿಂದ ಕರೆದಾಗ ಎದ್ದವರು. ಆ ಒಂದು ಕೂಗಿಗೆ ಎದ್ದರೆ ಸ್ನಾನ, ಸ್ನಾನವಾದರೆ ತಿಂಡಿ, ತಿಂಡಿಯಾದರೆ ಪಾರ್ಕಿನವರೆಗೆ ನಡಿಗೆ. ವರ್ಷ ತುಂಬುವವರೆಗೆ ನಮ್ಮ ಮಾವನ ದಿನ ನಡೆದದ್ದು ಆ ಕ್ಯಾಸೆಟ್ಟಿನಿಂದ.

ವರ್ಷಾಬ್ದಿಕ ಹತ್ತಿರವಾದಾಗ ಭಾವ ಬಂದರು. ತಿರುವೊಟ್ಟಿಯೂರಿನಿಂದ ಅಂಬತ್ತೂರಿಗೆ ಬರಲು ಸಮುದ್ರ ದಾಟಬೇಕಾಗಿಲ್ಲ. ಅಮ್ಮ ಇದ್ದಾಗ ದಾರಿ ಉದ್ದವಿತ್ತು, ಅಮ್ಮನ ನೆನಪಿನ ಕಾರ್ಯಕ್ರಮಕ್ಕೆ ದಾರಿ ಗಿಡ್ಡವಾಯಿತು. ಬಂದವರಿಗೆಲ್ಲ ತಾಂಬೂಲದ ಜೊತೆ ಅಮ್ಮನ ದನಿಯಲ್ಲಿ ಸಹಸ್ರನಾಮದ ಸಿ.ಡಿ. ಕೊಡಬೇಕೆಂಬುದು ಅವರ ಆಸೆ. ‘ಟೇಪು ಎಷ್ಟು ದಿನ ಬಾಳತ್ತಮ್ಮ? ದಿನಾ ಹಾಕಿ ಹಾಕಿ ಸವೀತಾ ಇದೆ. ಕೋಡಂಬಾಕ್ಕಂನಲ್ಲಿ ನನಗೆ ಗೊತ್ತಿರೋ ಸ್ಟುಡಿಯೋ ಇದೆ. ಒಂದು ಕಾಲಕ್ಕೆ ನಮ್ಮ ಕನ್ನಡ ಸಿನಿಮಾದ ಕೆಲಸಾನೂ ಅಲ್ಲೇ ಆಗ್ತಿತ್ತು’ ಎಂದರು. ಮಾತು ಸರಿಯಾಗಿಯೇ ಇತ್ತು. ದನಿ ಅಲ್ಲಲ್ಲಿ ಎಳೆದಾಡುತ್ತಿದ್ದುದನ್ನು ನಾನೂ ಗಮನಿಸಿದ್ದೆ. ಮಾವನೇ ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು.

ಅದಿಲ್ಲದ ದಿನಗಳಲ್ಲಿ ಅವರು ಗಡಿಯಾರ ನೋಡಿ ಮೋಟಾರು ಹಾಕಲು ನೋಡಿದರು. ಒಂದು ದಿನ ಮರೆತರು, ಇನ್ನೊಂದು ದಿನ ಹಾಕಿ ಆರಿಸಲು ಮರೆತು ಮೇಲಿನ ಟ್ಯಾಂಕು ತುಂಬಿ ಹರಿಯಿತು, ಪಕ್ಕದ ಮನೆಯವರು ಜಗಳಕ್ಕೆ ಬಂದರು. ನಾನು ಅಡುಗೆಮನೆಯಿಂದ ‘ಮಾವ, ಮೋಟಾರು’ ಎಂದು ಕೂಗಿ ನೋಡಿದೆ. ಎದ್ದರು, ಹಾಕಿದರು, ಬಂದು ಮತ್ತೆ ಕುರ್ಚಿಯಲ್ಲಿ ಕೂತರು. ಸ್ನಾನ ಸಂಜೆಗೆ ಹೋಯಿತು. ಸಿಕ್ಕಿದಾಗಲೆಲ್ಲ ಒಂದೇ ಪ್ರಶ್ನೆ: ‘ಕ್ಯಾಸೆಟ್ ಯಾವಾಗ ಬರತ್ತಮ್ಮ?’

ತಿಥಿಯ ಹಿಂದಿನ ದಿನ ಬಂತು. ಭಾವ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಸಿ.ಡಿ. ತಂದರು. ಜೊತೆಗೆ ಪ್ಲೇಯರೂ ಹೊಸದು. ಮಾವ ಬಾಳೆಲೆ ಹೇಳಲು ಮಾರ್ಕೆಟ್ಟಿಗೆ ಹೋಗಿದ್ದರು. ‘ಕೇಳಮ್ಮ, ಹೇಗೆ ಬಂದಿದೆ ನೋಡು’ ಎಂದು ಭಾವ ಹಾಕಿದರು.

ಅತ್ತೆಯ ದನಿ ಬಂತು. ತೊಳೆದಿಟ್ಟ ಗಾಜಿನ ಹಾಗೆ ಸ್ವಚ್ಛ. ಹಿಂದೆ ವೀಣೆಯದೋ ಏನೋ ಸಣ್ಣ ನಾದ ಸೇರಿಸಿದ್ದರು. ನಾನು ಹಾಲಿಗಾಗಿ ಕಾದೆ. ಹಾಲು ಬರಲಿಲ್ಲ. ಕೊತ್ತಂಬರಿ ಬರಲಿಲ್ಲ. ಉಪ್ಪು ಬರಲಿಲ್ಲ. ಶ್ಲೋಕಕ್ಕೆ ಶ್ಲೋಕ ಅಂಟಿಕೊಂಡು ಓಡುತ್ತಿತ್ತು, ಉಸಿರು ತೆಗೆದುಕೊಳ್ಳಲೂ ಜಾಗವಿಲ್ಲದ ಹಾಗೆ.

‘ಮಧ್ಯದ್ದೆಲ್ಲ ಎಲ್ಲಿ ಭಾವ?’

‘ತೆಗೆಸಿದೆ. ಆ ಟೆಕ್ನಿಷಿಯನ್ ಎಷ್ಟು ಕಷ್ಟಪಟ್ಟ ಗೊತ್ತಾ? ಒರು ಸತ್ತಂ ಕೂಡ ಇಲ್ಲ ಸಾರ್ ಅಂದ. ಒಂದು ಸದ್ದಿಲ್ಲ ನೋಡು. ಮೋಟಾರಿನ ಗಲಾಟೆ ಕೂಡ ತೆಗೆದಿದಾನೆ.’

‘ಹಳೇ ಕ್ಯಾಸೆಟ್?’

ಚೀಲದಿಂದ ತೆಗೆದುಕೊಟ್ಟರು. ಅದೇ ಡಬ್ಬಿ, ಅದೇ ಕರವಸ್ತ್ರ. ನನಗೆ ಜೀವ ಬಂತು. ಆಗ ಅವರು ಹೇಳಿದರು: ‘ಅದಕ್ಕೂ ಇದನ್ನೇ ಹಾಕಿಸಿದೀನಿ. ಇನ್ನು ಅದೂ ಶುದ್ಧ.’

ಹಳೆಯದರ ಮೇಲೆಯೇ ಹಾಕಿಸಿದ್ದರು. ಅಂದರೆ ಅಳಿಸಿದ್ದರು. ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ.

ನಾನು ಏನೋ ಕಿರುಚಿರಬೇಕು, ಓರಗಿತ್ತಿ ಒಳಗಿನಿಂದ ಬಂದರು. ಭಾವನವರಿಗೆ ನಿಜವಾಗಿಯೂ ಆಶ್ಚರ್ಯ. ‘ಅಲ್ಲಮ್ಮ, ಸ್ತೋತ್ರದ ಮಧ್ಯೆ ಮಾತಾಡಿದ್ರೆ ದೋಷ ಅಂತ ನಿನಗೆ ಗೊತ್ತಿಲ್ವಾ? ದೇವರ ಹೆಸರಿನ ಜೊತೆ ಬೈಗುಳ ಬೇರೆ. ದಿನಾ ಅದನ್ನ ಹಾಕ್ತಾ ಇದ್ರೆ ಆ ದೋಷ ದಿನಾ ಅಮ್ಮನಿಗೆ ತಟ್ಟತ್ತೆ. ಪುರೋಹಿತರನ್ನ ಕೇಳಿಯೇ ಮಾಡಿಸಿದ್ದು. ಹೋದೋರ ಸದ್ಗತಿಗೆ ಮಗ ಇಷ್ಟೂ ಮಾಡಬಾರದಾ?’

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನಾಲಗೆಯ ತುದಿಗೆ ಬಂತು. ದೋಷವಂತೆ. ಆ ಹೆಂಗಸು ಒಂದು ದಿನವೂ ಸುಮ್ಮನೆ ಕೂತು ದೇವರನ್ನು ನೆನೆಯಲು ಬಿಡುವಿಲ್ಲದಷ್ಟು ಕೆಲಸ ಇವರೆಲ್ಲ ಸೇರಿ ಹೊರಿಸಿದ್ದರಲ್ಲ, ಅದು ದೋಷವಲ್ಲ. ಆ ಕೆಲಸದ ಸದ್ದು ದೋಷ. ದೇವರ ಹೆಸರು ಯಾರು ಬೇಕಾದರೂ ಹೇಳುತ್ತಾರೆ, ಅಂಗಡಿಯಲ್ಲಿ ಸಾಲುಸಾಲು ಕ್ಯಾಸೆಟ್ಟುಗಳಿವೆ. ಆ ಹೆಸರುಗಳ ನಡುವೆ ಉಪ್ಪು ಹಾಕಿದ್ನಾ ಎಂದು ಕೇಳಿಕೊಂಡವರು ಲೋಕದಲ್ಲಿ ಒಬ್ಬರೇ, ಅವರನ್ನು ಇವರು ಕತ್ತರಿ ಹಿಡಿದು ಹುಡುಕಿ ಹುಡುಕಿ ತೆಗೆಸಿದ್ದರು. ನಮ್ಮ ಮುಖ್ಯಸ್ಥೆಗೆ ಪಾಯಿಂಟು ಬೇಕಿತ್ತು, ಇವರಿಗೆ ಪುಣ್ಯ ಬೇಕಿತ್ತು. ಇಬ್ಬರಿಗೂ ಅಡ್ಡ ಬಂದದ್ದು ಒಬ್ಬ ಹೆಂಗಸಿನ ಮನಸ್ಸು.

ಆದರೆ ನಾನು ಕೇಳಿದ್ದು ಬೇರೆ. ‘ಭಾವ, ಅದರಲ್ಲಿ ಒಂದು ಕಡೆ ಅಕ್ಕಿ ಹಾಕ್ತಾ ಏನೋ ಹೇಳ್ತಾರೆ. ಕೇಳಿದ್ರಾ?’

ಅವರು ಪ್ಲೇಯರಿನ ವೈರು ಸುತ್ತತೊಡಗಿದರು. ಓರಗಿತ್ತಿ ಒಳಗೆ ಹೋದರು.

‘ಕೇಳಿದೆ’ ಎಂದರು ಭಾವ. ‘ಸ್ಟುಡಿಯೋದಲ್ಲಿ, ಆ ಟೆಕ್ನಿಷಿಯನ್ ಪಕ್ಕ ಕೂತ್ಕೊಂಡು ಕೇಳಿದೆ. ದೊಡ್ಡೋನು ಅಂದ್ರೆ ಯಾರು ಸಾರ್ ಅಂತ ಕೇಳಿದ. ನಾನೇನು ಹೇಳ್ಲಿ?’

‘ದಿನಾ ಹಾಕ್ತಿದ್ರು ಭಾವ. ಒಂದು ಪಿಡಿ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ತಾವೇ ತಿಂತಿದ್ರು.’

ಅವರ ಕಣ್ಣಲ್ಲಿ ನೀರಿತ್ತೋ ಏನೋ, ನಾನು ನೋಡಲು ಹೋಗಲಿಲ್ಲ. ಕನಿಕರ ಪಡಬೇಕಿತ್ತು, ಪಡಲಿಲ್ಲ. ನೋವಾದರೆ ನೋವನ್ನು ಇಟ್ಟುಕೊಳ್ಳಬೇಕು. ಅದನ್ನು ದೋಷವೆಂದು ಕರೆದು, ಪುರೋಹಿತರಿಂದ ಸಮ್ಮತಿ ಪಡೆದು, ಅಪ್ಪನ ಬೆಳಗನ್ನೂ ಸೇರಿಸಿ ಅಳಿಸಿಹಾಕುವ ಹಕ್ಕು ಯಾವ ಹಿರಿಮಗನಿಗೂ ಇಲ್ಲ. ಇವತ್ತಿಗೂ ನನ್ನ ಮಾತು ಅದೇ.

ಸಂಜೆ ಮಾವ ಬಂದರು. ಚಪ್ಪಲಿ ಬಿಡುವ ಮುಂಚೆಯೇ ‘ಕ್ಯಾಸೆಟ್ ಬಂತಾಮ್ಮ?’ ಎಂದರು.

‘ಬಂತು ಮಾವ’ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನಾಲಗೆ ಏಳಲಿಲ್ಲ. ಅವರು ನಕ್ಕರು. ಆ ವರ್ಷದಲ್ಲಿ ಅವರು ನಕ್ಕಿದ್ದನ್ನು ನಾನು ಬೆರಳೆಣಿಕೆಯಷ್ಟು ಸಲ ನೋಡಿದ್ದೆ.

ಮಾರನೆಯ ದಿನ ಮನೆ ತುಂಬ ಜನ. ಹಿತ್ತಲಲ್ಲಿ ಅಡುಗೆಯವರು, ನಡುಮನೆಯಲ್ಲಿ ಪುರೋಹಿತರು, ನಮ್ಮ ಬೀದಿಯ ತಮಿಳರು, ಭಾವನ ಕಾರ್ಖಾನೆಯವರು. ಬೆಳಗಿನಿಂದ ಸ್ನಾನಕ್ಕೆ, ಮಡಿಗೆ, ಪಾತ್ರೆಗೆ ನೀರು ಹರಿದದ್ದೇ ಹರಿದದ್ದು. ಕರ್ಮ ಮುಗಿಯುತ್ತ ಬಂದಾಗ ಭಾವ ಸಿ.ಡಿ. ಹಾಕಿದರು. ಎಲ್ಲರೂ ಮಾತು ನಿಲ್ಲಿಸಿದರು. ಮಾವ ತಮ್ಮ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಎಂಥ ದನಿ, ಎಂಥ ಉಚ್ಚಾರಣೆ, ಸಾಕ್ಷಾತ್ ದೇವಿ ಎಂದು ಯಾರೋ ಪಿಸುಗುಟ್ಟಿದರು. ಅತ್ತೆ ಕೇಳಿದ್ದರೆ ‘ಸುಮ್ನಿರ್ರೀ, ಹಾಲು ಉಕ್ಕತ್ತೆ’ ಎನ್ನುತ್ತಿದ್ದರು.

ನಾನು ಬಾಗಿಲಿಗೆ ಒರಗಿ ನಿಂತು ಮಾವನನ್ನೇ ನೋಡುತ್ತಿದ್ದೆ. ಮೋಟಾರಿನ ಕೂಗಿನ ಮುಂಚಿನ ಆ ಶ್ಲೋಕ ಬಂತು. ಅವರು ಎರಡೂ ಕೈಗಳನ್ನು ಕುರ್ಚಿಯ ತೋಳುಗಳ ಮೇಲೆ ಊರಿ ಅರ್ಧ ಎದ್ದರು. ಶ್ಲೋಕ ಮುಗಿಯಿತು. ಮುಂದಿನದು ಶುರುವಾಯಿತು. ಅವರು ಎದ್ದ ಅರ್ಧದಲ್ಲಿಯೇ, ತಲೆ ಸ್ವಲ್ಪ ಅಡುಗೆಮನೆಯ ಕಡೆ ತಿರುಗಿಸಿ ನಿಂತರು. ಅದರ ಮುಂದಿನದೂ ಶುರುವಾಯಿತು. ನಿಧಾನವಾಗಿ ಮತ್ತೆ ಕೂತರು. ಅಷ್ಟರಲ್ಲಿ ಎಲೆ ಹಾಕಲು ನನ್ನನ್ನು ಒಳಗೆ ಕರೆದರು.

ಊಟ ಚೆನ್ನಾಗಿಯೇ ಆಯಿತು. ಮೊದಲ ಪಂಕ್ತಿ ಮೊಸರನ್ನ ಮುಗಿಸಿ ಕೈ ತೊಳೆಯಲು ಎದ್ದಾಗ ನಲ್ಲಿ ಒಂದು ಸಲ ಕೆಮ್ಮಿ ನಿಂತಿತು. ಬಚ್ಚಲಿನಲ್ಲೂ ಇಲ್ಲ, ಹಿತ್ತಲಿನಲ್ಲೂ ಇಲ್ಲ. ಪುರೋಹಿತರು, ಕಾರ್ಖಾನೆಯ ಅಧಿಕಾರಿಗಳು, ನೆರೆಮನೆಯವರು, ಎಲ್ಲರೂ ಮೊಸರು ಮೆತ್ತಿದ ಬಲಗೈಯನ್ನು ಎತ್ತಿ ಹಿಡಿದುಕೊಂಡು ಹಜಾರದಲ್ಲಿ ಸಾಲಾಗಿ ನಿಂತರು. ಏನನ್ನೂ ಮುಟ್ಟುವ ಹಾಗಿಲ್ಲ, ಎಲ್ಲಿಯೂ ಕೂರುವ ಹಾಗಿಲ್ಲ. ಯಾರೋ ‘ತಣ್ಣಿ ಇಲ್ಲೆಯಾ?’ ಎಂದರು. ಪ್ಲೇಯರಿನಲ್ಲಿ ಸಿ.ಡಿ. ಎರಡನೆಯ ಸಲ ಓಡುತ್ತಿತ್ತು.

ಭಾವನೂ ಕೈ ಎತ್ತಿಕೊಂಡೇ ಬಂದರು. ಮುಖ ಕೆಂಪಾಗಿತ್ತು. ‘ಮೋಟಾರ್ ಹಾಕಿಲ್ವಾ? ಇಷ್ಟು ಜನ ಇದೀರಿ, ಯಾರೂ ಮೋಟಾರ್ ಹಾಕಿಲ್ವಾ?’ ಎಂದು ಕೂಗಿದರು. ಆಮೇಲೆ ಅಪ್ಪನ ಕಡೆ ತಿರುಗಿ ದನಿ ತಗ್ಗಿಸಿದರು. ‘ಅಪ್ಪಾ, ದಿನಾ ನೀವೇ ಹಾಕ್ತೀರಲ್ಲ?’

ಮಾವ ಕುರ್ಚಿಯಿಂದಲೇ ಮಗನನ್ನು ನೋಡಿದರು. ಸಿಟ್ಟಿಲ್ಲ, ಅಳುವಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುವವರ ಮುಖ.

‘ಅವಳು ಹೇಳ್ಲಿಲ್ಲವಲ್ಲಪ್ಪಾ’ ಎಂದರು.

ಭಾವ ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದರು. ಮೊಸರು ಒಣಗಿ ಬೆರಳುಗಳ ಮೇಲೆ ಬಿಳಿಯ ಗೆರೆಗಳಾಗುತ್ತಿದ್ದವು. ಸ್ವಿಚ್ಚು ನನ್ನ ಪಕ್ಕದ ಗೋಡೆಯಲ್ಲೇ ಇತ್ತು, ನನ್ನ ಕೈಯೂ ಚೊಕ್ಕಟವಾಗಿತ್ತು. ನಾನು ಹಾಕಲಿಲ್ಲ. ಸ್ವಲ್ಪ ಹೊತ್ತು ಎಲ್ಲರೂ ಹಾಗೇ ನಿಂತಿರಲಿ ಅನ್ನಿಸಿತು.